ನಾಲ್ಕನೇ ರೂಮಿನ ಬಾಡಿಗೆ

ಒಹಾಯೋದಲ್ಲಿರೋ ನನ್ನ ಕಾಲೇಜ್ ಗೆಳೆಯ ಬಾಡಿಗೆದಾರರ ಸಮೇತ ಒಂದು ಮನೆ ಕೊಂಡ. ಅಮೆರಿಕದಲ್ಲಿ 'ಸೆಕ್ಷನ್ 8' ಅಂತ ಒಂದು ಯೋಜನೆ ಇದೆ. ಬಡ ಕುಟುಂಬ ತನ್ನ ಆದಾಯದಲ್ಲಿ ಸುಮಾರು ಶೇ. 30ರಷ್ಟನ್ನು ಬಾಡಿಗೆಗೆ ಕೊಟ್ಟರೆ, ಮಿಕ್ಕಿದ್ದನ್ನು ಸರ್ಕಾರದ ಕಡೆಯಿಂದ ನೇರ ಓನರಿಗೇ ಕೊಡ್ತಾರೆ. "ತಿಂಗಳು ಹುಟ್ಟಿದ ಕೂಡಲೇ ದುಡ್ಡು ಬಂದು ಬೀಳುತ್ತೆ ಕಣೋ" ಅಂದಿದ್ದ. ಆ ಮಾತು ತಲೆಯಲ್ಲೇ ಕೂತಿತ್ತು. ಅಷ್ಟರಲ್ಲಿ ನಮ್ಮೂರಲ್ಲಿ ನಾಲ್ಕು ರೂಮಿನ ಒಂದು ಸಾಲು ಮಾರಾಟಕ್ಕೆ ಬಂತು.

ನಮ್ಮೂರು ಪಾವಗಡ ತಾಲ್ಲೂಕಿನ ರಾಯಚರ್ಲು, ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟ ಐದು ಊರುಗಳಲ್ಲಿ ಒಂದು. ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಯಾರೂ ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ. 5 ಜಾಸ್ತಿ. ಹಂಗೆ ನೋಡಿದರೆ ನಮ್ಮಪ್ಪನೂ ಬಾಡಿಗೆ ತಗೊಳ್ಳೋರೇ. ಕಡ್ಲೆಕಾಯಿ ಬೆಳೀತಿದ್ದ ನಮ್ಮ ನಾಲ್ಕು ಎಕರೆಯಲ್ಲಿ ಈಗ ಪ್ಯಾನೆಲ್‌ಗಳಿವೆ. ಪಾರ್ಕ್ ಕಟ್ಟುವಾಗ ಹೊರಗಿನಿಂದ ಬಂದ ಕೆಲಸದವರಿಗೆ ಅಂತ ಎಬ್ಬಿಸಿದ ಶೀಟಿನ ರೂಮುಗಳಿವು. 2019ರ ಕೊನೆಗೆ ಕೆಲಸ ಮುಗೀತು, ಅವರು ಹೋದರು, ರೂಮು ಉಳಿದವು.

ರೂಮಿಗೆ 1,500 ಬಾಡಿಗೆ, ಮೇಲೆ ಕರೆಂಟಿಗೆ 200. ಬೆಂಗಳೂರಲ್ಲಿ ಕೂತು ಎಕ್ಸೆಲ್ ಹಾಕಿದೆ. ಒಂದನೇ ರೂಮಿನ ಅಕ್ಕನಿಗೆ ತಿಂಗಳಿಗೆ 2,000 ಗೃಹಲಕ್ಷ್ಮಿ ಬರುತ್ತೆ. ನಾಲ್ಕನೇ ರೂಮಿನವರಿಗೆ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆ ಮಂಜೂರಾಗಿದೆ. ಸರ್ಕಾರದ ದುಡ್ಡು ಬರೋ ಮನೆಗಳು, ಬಾಡಿಗೆ ಗ್ಯಾರಂಟಿ ಅಂದುಕೊಂಡು ಸಾಲ ಮಾಡಿ ಕೊಂಡೆ.

ಮೊದಲ ತಿಂಗಳೇ ಕರೆಂಟ್ ಬಿಲ್ ನೋಡಿದೆ. ನಾಲ್ಕೂ ರೂಮಿಗೆ ಒಂದೇ ಮೀಟರು, ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ. ಹಳೇ ಓನರು ಮಾತ್ರ ತಿಂಗಳಿಗೆ 800 ವಸೂಲಿ ಮಾಡ್ತಾನೇ ಇದ್ದರು. "ಸೊನ್ನೆ ಅಂತ ನಮಗೂ ಗೊತ್ತು ಸಾಮಿ, ಕೇಳಿದ್ರೆ ರೂಮ್ ಬಿಡು ಅಂತಾರೆ" ಅಂದರು ಅಕ್ಕ. ಸಿಟ್ಟು ಬಂತು. ಆದರೆ ನಿಜ ಹೇಳಬೇಕು ಅಂದ್ರೆ, ನನ್ನ ಎಕ್ಸೆಲ್‌ನಲ್ಲೂ ಆ 800 ಆದಾಯದ ಕಾಲಂನಲ್ಲೇ ಇತ್ತು. ಅದನ್ನು ಅಳಿಸಿದೆ. ಕಂತು ಕಟ್ಟೋಕೆ ಆವತ್ತಿನಿಂದಲೇ ಸಂಬಳಕ್ಕೆ ಕೈ ಹಾಕಬೇಕಾಯ್ತು.

ಮೂರನೇ ತಿಂಗಳಿಗೆ ನಾಲ್ಕನೇ ರೂಮಿನ ಬಾಡಿಗೆ ನಿಂತಿತು. ಗಂಡ ಹೆಂಡತಿ ಇಬ್ಬರೂ ಪಾರ್ಕಲ್ಲಿ ಪ್ಯಾನೆಲ್ ಕೆಳಗಿನ ಹುಲ್ಲು ಕೊಯ್ಯೋಕೆ ಹೋಗ್ತಾರೆ, ಕೆಲಸ ಇದ್ದ ದಿನ ಕೂಲಿ. ಶನಿವಾರ ಊರಿಗೆ ಹೋಗಿ ಕೇಳಿದೆ. ಆತ ಮಾತಾಡದೆ ತನ್ನ ಸೈಟಿಗೆ ಕರಕೊಂಡು ಹೋದ. ಹಳೇ ಮನೆ ಕೆಡವಿದ ಜಾಗದಲ್ಲಿ ಗೋಡೆ ಲಿಂಟಲ್‌ವರೆಗೆ ಎದ್ದು ನಿಂತಿತ್ತು.

ಈ ಯೋಜನೆ ನಡೆಯೋದು ಹೀಗೆ: ಹಳ್ಳಿಯ ಮನೆಗೆ 1.20 ಲಕ್ಷ ರೂಪಾಯಿ ಸಹಾಯ, ಅದೂ ಕಂತಿನಲ್ಲಿ. ಒಂದೊಂದು ಹಂತ ಮುಗಿದಾಗಲೂ ಜಾಗದ ಗುರುತಿನ ಸಮೇತ ಫೋಟೋ ಅಪ್‌ಲೋಡ್ ಆಗಬೇಕು, ಆಮೇಲೆ ಖಾತೆಗೆ ದುಡ್ಡು. ಮನೆ ಕೆಡವಿದವರು ಅಲ್ಲೀತನಕ ಎಲ್ಲಿರಬೇಕು? ಬಾಡಿಗೆಗೆ ಅಂತ ಅದರಲ್ಲಿ ಒಂದು ರೂಪಾಯಿಯೂ ಇಲ್ಲ. ಕೊಳ್ಳೋ ಮುಂಚೆ ನಾನು ಓದಬೇಕಿದ್ದ ಸಾಲು ಅದು.

"ಫೋಟೋ ಹೊಡ್ಕೊಂಡು ಹೋಗವ್ರೆ ಅಣ್ಣ. ದುಡ್ಡು ಬಿದ್ದ ತಕ್ಷಣ ಫಸ್ಟು ನಿಮ್ದೇ" ಅಂದ.

ಹೂಂ ಅನ್ನೋಕೆ ಬಾಯಿ ಬಂದಿತ್ತು. ಆ ದುಡ್ಡಲ್ಲಿ ನನಗೆ ಕೊಟ್ಟರೆ ಮೋಲ್ಡಿಂಗ್‌ಗೆ ಕಮ್ಮಿ ಬೀಳುತ್ತೆ. ಮೋಲ್ಡಿಂಗ್ ತಡವಾದಷ್ಟು ದಿನ ಅವರು ನನ್ನ ರೂಮಲ್ಲೇ ಇರ್ತಾರೆ. ಓನರ್ ಲೆಕ್ಕದಲ್ಲಿ ನನಗೆ ಲಾಭವೇ. ಅದು ಹೊಳೆದ ಮೇಲೆ ಆತನ ಮುಖ ನೋಡೋಕೆ ಆಗಲಿಲ್ಲ. "ಅದನ್ನ ಮುಟ್ಟಬೇಡ, ಕೂಲಿ ಬಂದಾಗ ಇನ್ನೂರು ಮುನ್ನೂರು ಕೊಡು" ಅಂದೆ. ಮನೆಗೆ ಬಂದು ಹೇಳಿದಾಗ ಅಪ್ಪ, "ಬಡ್ಡಿ ಎಷ್ಟು ಹಾಕ್ದೆ?" ಅಂತ ನಕ್ಕರು.

ಐದು ತಿಂಗಳಿಗೆ ಮನೆ ಮುಗೀತು. ಗೃಹಪ್ರವೇಶಕ್ಕೆ ಹೋಗಿ ಹೋಳಿಗೆ ಊಟ ಮಾಡಿ ಬಂದೆ. ಬಾಕಿ ಪೂರ್ತಿ ತೀರಿಲ್ಲ, 900 ಇನ್ನೂ ಇದೆ. ಕೀ ಕೊಡುವಾಗ ಆಯಮ್ಮ ರೂಮು ಗುಡಿಸಿ, ಸಾರಿಸಿ, ಬಾಗಿಲಿಗೆ ರಂಗೋಲಿ ಹಾಕಿ ಕೊಟ್ಟರು.

ಮೂರು ತಿಂಗಳಿಂದ ಆ ರೂಮಿಗೆ ಬೀಗ. ಈ ಸಲದ ಪಟ್ಟಿಯಲ್ಲಿ ಯಾರ ಹೆಸರು ಬಂದಿದೆ ಅಂತ ಅಪ್ಪ ಪಂಚಾಯ್ತಿಯಲ್ಲಿ ವಿಚಾರಿಸ್ತಿದ್ದಾರೆ. ಹಳೇ ಮನೆ ಕೆಡವೋರಿಗೆ ರೂಮ್ ಬೇಕಾಗುತ್ತಲ್ಲ.