ಒಡೆಯರಪಾಳ್ಯದ ಒಂದು ಅಡಿಗೆಮನೆ

ಕಾವೇರಿಯ ಬಲದಂಡೆಯ ಸೀಮೆಯಲ್ಲಿ ಯಳಂದೂರು, ಕೊಳ್ಳೇಗಾಲ, ಹನೂರು ಎಂಬ ಮೂರು ಊರುಗಳು ಒಂದೇ ದಾರಿಯ ಮೇಲೆ ಪೋಣಿಸಿದಂತಿವೆ. ಯಾತ್ರಿಕರು ಈ ದಾರಿಯನ್ನು ಹಿಡಿಯುವುದು ಸಾಮಾನ್ಯವಾಗಿ ಇಬ್ಬರು ದೇವರ ಸಲುವಾಗಿ: ಬಿಳಿಗಿರಿಯ ರಂಗನಾಥನಿಗಾಗಿ, ಇಲ್ಲವೆ ಮಲೆಯ ಮಹದೇಶ್ವರನಿಗಾಗಿ. ನಾನು ಕಳೆದ ಫಾಲ್ಗುಣದ ಆದಿಯಲ್ಲಿ ಅಲ್ಲಿಗೆ ಹೋದದ್ದು ಒಂದು ಊಟದ ಸಲುವಾಗಿ. ಅದೂ ನಾನು ಉಣ್ಣದ ಊಟ. ಇದನ್ನೋದಿ ವಾಚಕ ಮಹಾಶಯರು ನಕ್ಕರೆ ನನಗೆ ಬೇಸರವಿಲ್ಲ.

ಸಂಗತಿ ಹೀಗಿದೆ. ವಿರಾಜಪೇಟೆಯ ಕಡೆಯ ಕೊಡವ ಮಿತ್ರರೊಬ್ಬರು ನಾನಿದ್ದ ಶಾಲೆಯಲ್ಲಿಯೇ ಬಹುಕಾಲ ವ್ಯಾಯಾಮದ ಉಪಾಧ್ಯಾಯರಾಗಿದ್ದರು. ಮೈಸೂರಿನಲ್ಲಿ ಅವರ ಮನೆಯ ಮಹಡಿಯಲ್ಲಿ ಟಿಬೆಟಿನ ಹುಡುಗನೊಬ್ಬನು ಬಾಡಿಗೆಗಿದ್ದು ಓದಿಕೊಂಡನು. ಅವನು ಈಗ ಕೆನಡಾ ದೇಶದ ಟೊರಾಂಟೋ ನಗರದಲ್ಲಿ ಒಂದು ಹೋಟೆಲಿನ ಅಡಿಗೆಯವನು. ಎರಡು ವರ್ಷಗಳ ಹಿಂದೆ ಊರಿಗೆ ಬಂದಾಗ, ಹಂದಿಯ ಮಾಂಸವನ್ನು ಅನಾನಸಿನೊಡನೆ ಬೇಯಿಸಿ, ಎಳೆಎಳೆಯಾಗಿ ಬಿಡಿಸಿ, ರೊಟ್ಟಿಯ ನಡುವೆ ಇಟ್ಟು ತಿನ್ನುವ ಒಂದು ಭಕ್ಷ್ಯವನ್ನು ನನ್ನ ಮಿತ್ರರ ಮನೆಯಲ್ಲಿ ಮಾಡಿ, ಅವರಿಗೂ ತನ್ನ ತಾಯಿಗೂ ಬಡಿಸಿದ್ದನು. ಆ ತಾಯಿ ಇರುವುದು ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿಯ ಟಿಬೆಟನ್ನರ ವಸತಿಯಲ್ಲಿ. ಆಕೆ ಮಗನಿಂದ ಟೆಲಿಫೋನಿನಲ್ಲಿ ಕೇಳಿ ಕೇಳಿ ಅದೇ ಅಡಿಗೆಯನ್ನು ಕಲಿಯುತ್ತಿದ್ದಾರೆ. “ಸರ್, ನೀವು ಹೋಗಿ ತಿಂದು, ಸರಿಯಾಗಿದೆಯೋ ಇಲ್ಲವೋ ನನಗೆ ಹೇಳಬೇಕು” ಎಂದು ಹುಡುಗನು ಬೇಡಿಕೊಂಡಿದ್ದನಂತೆ. ಮಿತ್ರರು ನನ್ನನ್ನೂ ಜೊತೆಗೆ ಕರೆದರು.

ಯಳಂದೂರಿನಲ್ಲಿ ಅರ್ಧ ಘಂಟೆ ಇಳಿದೆವು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರು ಇದು. ಚಿಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದು ‘ಹದಿಬದೆಯ ಧರ್ಮ’ವನ್ನು ಬರೆದ ಹೊನ್ನಮ್ಮನ ಊರೂ ಇದೇ. ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನಲ್ಲಿಯೇ ಕಡೆದ ಬಳೆಗಳನ್ನು ನೋಡಿ, ಮಿತ್ರರು ಒಂದು ಮಾತೂ ಆಡದೆ ಬಹಳ ಹೊತ್ತು ನಿಂತರು. ವಾಚಾಳಿಗಳಾದ ಅವರನ್ನು ಹಾಗೆ ಕಂಡದ್ದು ಅಪರೂಪ.

ಕೊಳ್ಳೇಗಾಲವು 1956ರ ನವೆಂಬರ್ ಒಂದನೆಯ ತಾರೀಖಿನವರೆಗೆ ಮದರಾಸಿನ ಆಡಳಿತಕ್ಕೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಇಂದಿಗೂ ಪೇಟೆಯಲ್ಲಿ ಕನ್ನಡದೊಡನೆ ತಮಿಳು ಸರಾಗವಾಗಿ ಕೇಳಿಬರುತ್ತದೆ. ರೇಷ್ಮೆಗೆ ಹೆಸರಾದ ಊರಾದರೂ ನಾವು ರೇಷ್ಮೆಯ ಅಂಗಡಿಗಳತ್ತ ಹೋಗಲಿಲ್ಲ. ಎರಡು ಅನಾನಸು, ಒಂದು ಅಚ್ಚು ಬೆಲ್ಲ, ಅರ್ಧ ಡಜನ್ ನಿಂಬೆಹಣ್ಣು, ನನ್ನ ಪಾಲಿಗೆಂದು ಒಂದು ಎಳೆಯ ಹಲಸಿನ ಕಾಯಿ, ಇಷ್ಟನ್ನು ಕೊಂಡು ಹನೂರಿನ ಬಸ್ಸನ್ನು ಹಿಡಿದೆವು.

ಹನೂರನ್ನು ಬಿಟ್ಟ ಮೇಲೆ ದಾರಿ ಏರುತ್ತಾ ಕುರುಚಲು ಕಾಡನ್ನು ಹೊಗುತ್ತದೆ. 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಎಂಬ ಕಾಡುಗಳ್ಳನು ಹತನಾಗುವವರೆಗೆ ಈ ಕಡೆಗೆ ಬರಲು ಹೊರಗಿನವರು ಅಂಜುತ್ತಿದ್ದರು. ಈಗಿನ ಅಂಜಿಕೆ ಆನೆಗಳದು. ಕಾಡಿನ ಅಂಚಿನ ಹೊಲಗಳಲ್ಲಿ ಕಾವಲಿನ ಅಟ್ಟಣೆಗಳು ಕಾಣಿಸಿದವು. ಮಿತ್ರರು ದಾರಿಯುದ್ದಕ್ಕೂ ತಮ್ಮ ನಾಡಿನ ಪಂದಿಕರಿ, ಅದಕ್ಕೆ ಹುಳಿಯೆಂದು ಹಾಕುವ ಕಪ್ಪಾದ ಕಾಚಂಪುಳಿ, ಅದರೊಡನೆ ತಿನ್ನುವ ಅಕ್ಕಿತರಿಯ ಕಡಂಬುಟ್ಟು, ಇವುಗಳನ್ನೇ ವರ್ಣಿಸುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆನು.

ಕಾಡು ತೆರೆದೊಡನೆ ಬೇರೊಂದು ದೇಶ. ಗಾಳಿಗೆ ಪಟಪಟನೆ ಬಡಿಯುವ ಐದು ಬಣ್ಣದ ಮಂತ್ರಪತಾಕೆಗಳು, ಹೆಂಚಿನ ಮನೆಗಳು, ಕೊಯ್ಲಾಗಿ ಒಣಗಿದ ಮುಸುಕಿನ ಜೋಳದ ಹೊಲಗಳು. 1959ರಲ್ಲಿ ದಲೈ ಲಾಮಾ ಅವರು ತಮ್ಮ ದೇಶವನ್ನು ಬಿಟ್ಟು ಭಾರತಕ್ಕೆ ಬಂದ ಮೇಲೆ, ಅವರ ಹಿಂದೆ ಬಂದ ಜನರಿಗೆ ಮೈಸೂರು ರಾಜ್ಯದ ಸರ್ಕಾರವು ಮೊದಲು ಬೈಲುಕುಪ್ಪೆಯಲ್ಲಿಯೂ ಬಳಿಕ ಮುಂಡಗೋಡಿನಲ್ಲಿಯೂ ನೆಲವನ್ನು ಕೊಟ್ಟಿತು. ಒಡೆಯರಪಾಳ್ಯದ ವಸತಿಯು ಏರ್ಪಟ್ಟದ್ದು 1974ರಲ್ಲಿ. ಧೊಂಡೆನ್‌ಲಿಂಗ್ ಎಂಬುದು ಅವರು ಇಟ್ಟುಕೊಂಡ ಹೆಸರು. ಒಳಗಿನ ಊರುಗಳಿಗೆ ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳೇ ನಾಮಧೇಯಗಳು. ಪಾಣಿನಿಯ ಪ್ರತ್ಯಾಹಾರಗಳನ್ನು ಉರುಹೊಡೆದ ನನಗೆ ಇದು ಹಿಡಿಸಿತು. ನೆಲವು ಇವರ ಸ್ವಂತದ್ದಲ್ಲ, ಸರ್ಕಾರದಿಂದ ಗುತ್ತಿಗೆಗೆ ಬಂದದ್ದು. ಮಳೆಯನ್ನು ನಂಬಿದ ಬೇಸಾಯ. ಚಳಿಗಾಲದಲ್ಲಿ ನಗರಗಳಿಗೆ ಹೋಗಿ ಉಣ್ಣೆಯ ಅಂಗಿಗಳನ್ನು ಮಾರುವುದು ಬಹುಮಂದಿಯ ಉಪಜೀವನ. ಝೊಗ್‌ಚೆನ್ ಸಂಪ್ರದಾಯದ ವಿಹಾರವೊಂದು ಇಲ್ಲಿದೆ. ನಮ್ಮವರು ನೋಡಿ ಬರಲು ಅಡ್ಡಿಯಿಲ್ಲ. ಪರದೇಶದವರು ಮಾತ್ರ ಇಲ್ಲಿ ತಂಗಬೇಕಾದರೆ ಮೊದಲೇ ಸರ್ಕಾರದ ಅಪ್ಪಣೆಯನ್ನು ಪಡೆದಿರಬೇಕು.

ಲೋಸಾರ್ ಎಂಬ ಅವರ ಹೊಸವರ್ಷದ ಹಬ್ಬವು ಕಳೆದು ನಾಲ್ಕು ದಿನಗಳಾಗಿದ್ದವು. ಹಬ್ಬಕ್ಕೆ ಬಂದಿದ್ದ ಮಕ್ಕಳು ಆಗಲೇ ಹೊರಟುಹೋಗಿದ್ದರು. ಬೀಗ ಹಾಕಿದ ಮನೆಗಳನ್ನು ಎಣಿಸುತ್ತಾ ನಡೆದ ನಾನು ಒಂಬತ್ತಕ್ಕೆ ನಿಲ್ಲಿಸಿದೆನು.

ಮನೆಯ ಯಜಮಾನಿತಿಗೆ ಅರವತ್ತೆಂಟು ವಯಸ್ಸು. ಆಕೆಯ ಕನ್ನಡ ಕೊಳ್ಳೇಗಾಲದ ಸೀಮೆಯ ಅಚ್ಚ ಕನ್ನಡ. “ಬನ್ನಿ ಮೇಷ್ಟ್ರೇ, ಕುಂತ್ಕಳಿ” ಎಂದು ನಮ್ಮಿಬ್ಬರನ್ನೂ ಉಪಚರಿಸಿ, ಉಪ್ಪು ಬೆಣ್ಣೆ ಹಾಕಿದ ಚಹವನ್ನು ಕೊಟ್ಟರು. ಸಕ್ಕರೆಯ ಚಹಕ್ಕೆ ಒಗ್ಗಿದ ನಾಲಗೆಯು ಮೊದಲ ಗುಟುಕಿನಲ್ಲಿ ಬೆರಗಾಗುತ್ತದೆ. ಸಾರೆಂದು ಭಾವಿಸಿ ಕುಡಿದರೆ ಬಹಳ ಚೆನ್ನಾಗಿದೆ.

ಅಡಿಗೆಮನೆಯ ಒಲೆಯ ಮೇಲೆ ದೊಡ್ಡದೊಂದು ಪ್ರೆಷರ್ ಕುಕ್ಕರು ಕುಳಿತಿತ್ತು. ಟಿಬೆಟನ್ನರ ಮನೆಯಲ್ಲಿ ಕುಕ್ಕರಿಗೆ ಇರುವ ಗೌರವಕ್ಕೆ ಕಾರಣವುಂಟು. ಲ್ಹಾಸಾ ನಗರವು ಸಮುದ್ರಮಟ್ಟದಿಂದ ಸುಮಾರು 3,650 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಮೆಯಾದ್ದರಿಂದ ನೀರು 88 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿದುಬಿಡುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಕಾಯದು. ಬೇಳೆ ಮಾಂಸಗಳು ಬೇಯುವುದು ಬಹಳ ನಿಧಾನ. ಮುಚ್ಚಿದ ಕುಕ್ಕರಿನಲ್ಲಿಯಾದರೋ ಆವಿಯ ಒತ್ತಡದಿಂದ ನೀರು 120 ಡಿಗ್ರಿಯವರೆಗೂ ಕಾಯುತ್ತದೆ. ಇಂಥ ಪಾತ್ರೆಯನ್ನು 1679ರಲ್ಲಿ ಮೊದಲು ಮಾಡಿದವನು ದೆನಿ ಪಪಾಂ ಎಂಬ ಫ್ರೆಂಚ್ ವಿದ್ವಾಂಸನು. ಅವನ ಉದ್ದೇಶವು ಎಲುಬನ್ನು ಮೆತ್ತಗೆ ಮಾಡುವುದಾಗಿತ್ತು. ನಮ್ಮ ದೇಶದ ಹಾಕಿನ್ಸ್ ಕಂಪೆನಿಯು ಸ್ಥಾಪಿತವಾದದ್ದು 1959ರಲ್ಲಿ, ಅಂದರೆ ದಲೈ ಲಾಮಾ ಅವರು ಗಡಿಯನ್ನು ದಾಟಿದ ವರ್ಷದಲ್ಲಿಯೇ.

ಆಕೆ ಮಾಡಿದ ಕ್ರಮವನ್ನು ನಾನು ಬಾಗಿಲ ಬಳಿ ಮಣೆಯ ಮೇಲೆ ಕುಳಿತು ಬರೆದುಕೊಂಡೆನು. ಹಂದಿಯ ಮುಂಗಾಲಿನ ಮೇಲಣ ಭುಜದ ಮಾಂಸ, ಕೊಬ್ಬು ಸ್ವಲ್ಪ ಇದ್ದದ್ದು, ಒಂದು ಕಿಲೋ. ಅದನ್ನು ಸಣ್ಣಗೆ ಕೊಚ್ಚಬಾರದು. ನಾಲ್ಕೇ ದೊಡ್ಡ ತುಂಡುಗಳು. ಉಪ್ಪು, ಮೆಣಸಿನ ಪುಡಿ, ಅರೆದ ಶುಂಠಿ ಬೆಳ್ಳುಳ್ಳಿಗಳನ್ನು ಸವರಿ, ಕುಕ್ಕರಿನಲ್ಲಿಯೇ ಎಣ್ಣೆ ಕಾಯಿಸಿ, ಪ್ರತಿಯೊಂದು ಮೈಯೂ ಕೆಂಪಗಾಗುವವರೆಗೆ ಹುರಿದರು. ಮೇಲೆ ಹೆಚ್ಚಿದ ಎರಡು ಈರುಳ್ಳಿ, ನಾಲ್ಕು ಒಣಮೆಣಸಿನಕಾಯಿ, ಅರ್ಧ ಅನಾನಸಿನ ಚೂರುಗಳು, ನಿಂಬೆಗಾತ್ರದ ಎರಡು ಉಂಡೆ ಬೆಲ್ಲ, ಎರಡು ನಿಂಬೆಯ ರಸ, ಒಂದು ಲೋಟ ನೀರು. ಪಾತ್ರೆಯು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ತುಂಬಿರಕೂಡದು. ಮೊದಲ ಸೀಟಿಯಾದೊಡನೆ ಉರಿಯನ್ನು ತಗ್ಗಿಸಿ ಮುಕ್ಕಾಲು ಘಂಟೆ ಬಿಟ್ಟರು. ಆಮೇಲೆ ಒಲೆಯನ್ನಾರಿಸಿದರೂ ಮುಚ್ಚಳವನ್ನು ಮುಟ್ಟಲಿಲ್ಲ. ಆವಿಯು ತಾನಾಗಿಯೇ ಇಳಿಯಬೇಕು. ಅವಸರಪಟ್ಟು ತೆರೆದರೆ ಎಳೆಗಳು ಬಿಗಿದುಕೊಂಡು ರಸವು ಹೊರಟುಹೋಗುತ್ತದೆಂದು ಮಗನು ಹೇಳಿದ್ದನಂತೆ. ಭುಜದ ಮಾಂಸದಲ್ಲಿ ನಾರುಗಳನ್ನು ಬಂಧಿಸುವ ಗಡಸು ಪದಾರ್ಥವೊಂದಿದೆ. ಒದ್ದೆ ಶಾಖದಲ್ಲಿ ಅದು ಕರಗಿ ಗಂಜಿಯಂತಾದಾಗ ನಾರುಗಳು ತಾವಾಗಿಯೇ ಬಿಟ್ಟುಕೊಳ್ಳುತ್ತವೆ. ಅಮೆರಿಕಾದ ದಕ್ಷಿಣ ಸೀಮೆಯಲ್ಲಿ ಇದನ್ನು ಸೌದೆಯ ಹೊಗೆಯಲ್ಲಿ ಹತ್ತು ಹನ್ನೆರಡು ಘಂಟೆಗಳ ಕಾಲ ಸಾಧಿಸುತ್ತಾರೆ. ಕುಕ್ಕರು ಒಂದು ಘಂಟೆಯಲ್ಲಿ ಮುಗಿಸಿತು. ಎರಡು ಮುಳ್ಳುಚಮಚಗಳಿಂದ ಎಳೆದರೆ ಮಾಂಸವು ತೆಂಗಿನ ನಾರಿನಂತೆ ಬಿಡಿಬಿಡಿಯಾಯಿತು. ಉಳಿದ ರಸವನ್ನು ಮತ್ತೆ ಕುದಿಸಿ ಮಂದಮಾಡಿ, ಎಳೆಗಳನ್ನು ಅದರಲ್ಲಿ ಹೊರಳಿಸಿದರು.

ಅನಾನಸಿನ ವಿಷಯವಾಗಿ ಒಂದು ಎಚ್ಚರಿಕೆ. ಆ ಹಣ್ಣಿನ ಹಸಿಯ ರಸಕ್ಕೆ ಮಾಂಸವನ್ನು ಜೀರ್ಣಿಸುವ ಶಕ್ತಿಯಿದೆ. ರಾತ್ರಿಯೆಲ್ಲಾ ನೆನೆಯಿಟ್ಟರೆ ಎಳೆ ಉಳಿಯದೆ ಮುದ್ದೆಯಾಗುತ್ತದೆ. ಕುದಿದೊಡನೆ ಆ ಶಕ್ತಿಯು ನಾಶವಾಗುವುದರಿಂದ ಒಲೆಗೆ ಏರಿಸುವಾಗಲೇ ಹಾಕುವುದು ಸರಿ.

ರೊಟ್ಟಿಗೆ ಬದಲಾಗಿ ಆಕೆ ಮಾಡಿದ್ದು ತಿಂಗ್ಮೋ. ಹುದುಗೆಬ್ಬಿಸಿದ ಮೈದಾಹಿಟ್ಟನ್ನು ಹಾಳೆಯಾಗಿ ಲಟ್ಟಿಸಿ, ಸುರುಳಿ ಸುತ್ತಿ, ಕತ್ತರಿಸಿ, ಹಬೆಯಲ್ಲಿ ಬೇಯಿಸಿದ ಬಿಳಿಯ ಮೆತ್ತನೆಯ ಉಂಡೆ. ಅದನ್ನು ಸೀಳಿ ನಡುವೆ ಮಾಂಸವನ್ನು ತುಂಬಿದರೆ ಸ್ಯಾಂಡ್‌ವಿಚ್ಚಾಯಿತು.

ಸಸ್ಯಾಹಾರಿಯಾದ ಈ ಸಂಸ್ಕೃತ ಪಂಡಿತನು ಇದನ್ನೆಲ್ಲಾ ಬರೆಯುವುದು ಸಲ್ಲುವುದೇ ಎಂದು ಕೆಲವರು ಕೇಳಬಹುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ, ಅನ್ನಪಾನವಿಧಿಯೆಂಬ ಅಧ್ಯಾಯವನ್ನು ತೆಗೆದು ನೋಡಲಿ. ವರಾಹಮಾಂಸವು ಸ್ನೇಹಕರ, ಪುಷ್ಟಿಕರ, ಬಲಕರ, ರುಚಿಕರ, ಆಯಾಸವನ್ನೂ ವಾತವನ್ನೂ ಕಳೆಯುವಂಥದು, ಆದರೆ ಜೀರ್ಣಕ್ಕೆ ಗುರುವಾದದ್ದು ಎಂದು ಅಲ್ಲಿ ಹೇಳಿದೆ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಹಂದಿಯ ಮಾಂಸದ ಸುಂಠಕವೆಂಬ ಅಡಿಗೆಯೇ ವಿಸ್ತಾರವಾಗಿ ಬಂದಿದೆ. ಚರಕನಿಗೂ ಸೋಮೇಶ್ವರನಿಗೂ ತಿಳಿಯದಿದ್ದದ್ದು ಅನಾನಸು, ಒಣಮೆಣಸಿನಕಾಯಿಗಳೆರಡೇ. ಅವು ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕಾ ಖಂಡದಿಂದ ಬಂದವು. ಓದಿದ ಶಾಸ್ತ್ರವನ್ನು ಊಟದ ಎಲೆಯ ಮುಂದೆ ಮರೆಯುವುದು ನನ್ನ ಅಭ್ಯಾಸವಲ್ಲ. ಉಣ್ಣದಿರುವುದು ನನ್ನ ಮನೆತನದ ನಡೆ. ಅದಕ್ಕೆ ಇನ್ನೊಬ್ಬರ ಒಲೆಯನ್ನು ಹಳಿಯಬೇಕಾಗಿಲ್ಲ.

ನನಗಾಗಿ ಆಕೆ ಬೇರೆಯ ಚಿಕ್ಕ ಕುಕ್ಕರನ್ನೇ ತೊಳೆದಿಟ್ಟಿದ್ದರು. ಕೈಗೂ ಚಾಕುವಿಗೂ ಎಣ್ಣೆ ಸವರಿಕೊಂಡು, ಹಲಸಿನ ಕಾಯಿಯ ಸಿಪ್ಪೆ ತೆಗೆದು, ಹೋಳುಮಾಡಿ, ಅದೇ ಸಂಬಾರಗಳೊಡನೆ ಎರಡೇ ಸೀಟಿ ಕೂಗಿಸಿ ಬಿಡಿಸಿದರೆ ಅದೂ ಎಳೆಎಳೆಯೇ. ಬೆಲ್ಲ, ಹುಳಿ, ಖಾರಗಳು ಅದಕ್ಕೆ ಒಪ್ಪುತ್ತವೆ. ಸಸ್ಯಾಹಾರಿಗಳ ಮನೆಯಲ್ಲಿ ನಿಸ್ಸಂಕೋಚವಾಗಿ ಮಾಡಿಕೊಳ್ಳಬಹುದು. ತಿಂಗ್ಮೋ ಇಲ್ಲವಾದರೆ ಅಕ್ಕಿರೊಟ್ಟಿಯೊಡನೆಯೂ ಆದೀತು.

ಮಿತ್ರರು ಮೊದಲ ತುತ್ತನ್ನು ಬಾಯಿಗಿಟ್ಟುಕೊಂಡಾಗ ಆಕೆ ಸೆರಗಿನಂಥ ಪಟ್ಟೆಪಟ್ಟೆಯ ಮೇಲುಡುಗೆಯಲ್ಲಿ ಕೈಯೊರೆಸಿಕೊಳ್ಳುತ್ತಾ ಎದುರಿಗೇ ನಿಂತಿದ್ದರು.

“ಬಹಳ ಚೆನ್ನಾಗಿದೆ, ಅಮ್ಮಾ” ಎಂದರು ಮಿತ್ರರು.

“ಚೆನ್ನಾಗಿರೋದು ಬ್ಯಾಡ ಮೇಷ್ಟ್ರೇ. ಅವನು ಮಾಡ್ದಂಗೇ ಅದಾ, ಅದ ಹೇಳಿ.”

ಮಿತ್ರರು ತಡೆದು, ಎರಡನೆಯ ತುತ್ತನ್ನು ಅಗಿದು, “ಇಲ್ಲ. ಇದು ಸಿಹಿ ಹೆಚ್ಚು. ಅವನದರಲ್ಲಿ ಸ್ವಲ್ಪ ಹೊಗೆಯ ವಾಸನೆಯೂ ಇತ್ತು” ಎಂದರು.

“ಹೊಗೆಯಾ?” ಎಂದು ಆಕೆ ನಕ್ಕರು. ಈ ಊರಿಗೆ ಬಂದ ಮೊದಲ ವರ್ಷಗಳಲ್ಲಿ ಹಸಿಯ ಸೌದೆಯ ಹೊಗೆಯಲ್ಲಿಯೇ ಅಡಿಗೆ ಮಾಡಿ ಕಣ್ಣು ಕೆಂಪಗಾಗಿದ್ದುದನ್ನು ಹೇಳಿದರು. ಆಗ ಹದಿಹರೆಯದ ಹುಡುಗಿ; ಕಾಡನ್ನು ಕಡಿದ ನೆಲದಲ್ಲಿ ತಂದೆಯೊಡನೆ ಬೇರುಗಳನ್ನು ಕೀಳುತ್ತಿದ್ದವರು.

ಅನಂತರ ತಿಳಿದುಬಂದ ವಿಷಯವಿದು. ಮಗನು ತಾಯಿಯನ್ನು ತನ್ನಲ್ಲಿಗೆ ಕರೆಸಿಕೊಳ್ಳಲು ಕಾಗದಪತ್ರಗಳನ್ನು ಸಿದ್ಧಪಡಿಸಿದ್ದಾನೆ. ಹೋಗುವುದೋ ಇರುವುದೋ ಎಂಬುದನ್ನು ಆಕೆ ಇನ್ನೂ ನಿಶ್ಚಯಿಸಿಲ್ಲ. ಹೊಲವನ್ನು ಪಕ್ಕದ ಹಳ್ಳಿಯವರು ಉಳುತ್ತಿದ್ದಾರೆ, ಆ ಚಿಂತೆಯಿಲ್ಲ. ಪತಿ ತೀರಿಕೊಂಡದ್ದು ಇಲ್ಲಿ. ದೇವರ ಮುಂದೆ ದಿನವೂ ಹಚ್ಚುವ ದೀಪವೊಂದಿದೆ. ಅದಕ್ಕಿಂತ ಮಿಗಿಲಾದ ಅಂಜಿಕೆ ಬೇರೆ. ಅಲ್ಲಿ ಏಳು ವರ್ಷದ ಮೊಮ್ಮಗನಿದ್ದಾನೆ. ಅಜ್ಜಿಯ ತುಕ್ಪಾ, ಮೋಮೋ ಯಾವುದನ್ನೂ ಅವನು ಮುಟ್ಟುವುದಿಲ್ಲವಂತೆ. ತಂದೆ ಮಾಡುವ ಈ ಒಂದನ್ನು ಮಾತ್ರ ಕೇಳಿ ಕೇಳಿ ತಿನ್ನುತ್ತಾನಂತೆ. “ಅಲ್ಲೋಗಿ ಸುಮ್ಕೆ ಮೂಲೇಲಿ ಕುಂತ್ಕಂಡು ಉಣ್ಣಾಕೆ ನಂಗಾಗಲ್ಲ ಮೇಷ್ಟ್ರೇ. ಮಗೀಗೆ ಒಂದಾದ್ರೂ ಮಾಡಿಕ್ಕಾಕೆ ಬರ್ಬೇಕಲ್ಲ” ಎಂದರು.

ನನಗೆ ಉತ್ತರ ತೋಚಲಿಲ್ಲ. ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಇಳಿಯುವ ಅಡಿಗೆಯ ವಿದ್ಯೆಯು ಇಲ್ಲಿ ಮಗನಿಂದ ತಾಯಿಗೆ, ಸಮುದ್ರದಾಚೆಯಿಂದ, ಟೆಲಿಫೋನಿನ ತಂತಿಯೂ ಇಲ್ಲದೆ ಏರುತ್ತಿದ್ದುದನ್ನು ಕಂಡೆನು. ಮಿತ್ರರು ಮಾತ್ರ ಲೋಕಜ್ಞರು. ಬೆಲ್ಲವನ್ನು ಒಂದು ಉಂಡೆಗೆ ಇಳಿಸಬೇಕು, ಹೊಗೆಯ ವಾಸನೆಗೆ ಬೆಂದ ಮಾಂಸದ ಪಾತ್ರೆಯಲ್ಲಿ ಚಿಕ್ಕ ಬಟ್ಟಲಿನಲ್ಲಿ ಕೆಂಡವನ್ನಿಟ್ಟು ಮೇಲೆ ಒಂದು ತೊಟ್ಟು ತುಪ್ಪ ಬಿಟ್ಟು ಐದು ನಿಮಿಷ ಮುಚ್ಚಿಡಬೇಕು ಎಂದು ಉಪಾಯ ಹೇಳಿದರು. ಆಕೆ ಕೂಡಲೇ ಹಿತ್ತಿಲಿನಿಂದ ಇದ್ದಿಲನ್ನು ತಂದು, ಉಳಿದ ಮಾಂಸಕ್ಕೆ ಹಾಗೆಯೇ ಮಾಡಿದರು. ಮಿತ್ರರು ಮತ್ತೊಂದು ತಿಂಗ್ಮೋವನ್ನು ಮುಗಿಸಿ, “ಈಗ ಹತ್ತಿರ ಬಂತು” ಎಂದರು. ಅದನ್ನು ಹಾಗೆಯೇ ಮಗನಿಗೆ ಹೇಳಬೇಕು, ಸಿಹಿ ಹೆಚ್ಚಾಗಿತ್ತೆಂಬುದನ್ನೂ ಬಿಡದೆ ಹೇಳಬೇಕು ಎಂದು ಆಕೆ ಪಟ್ಟುಹಿಡಿದರು. ಟೊರಾಂಟೋದಲ್ಲಿ ಆಗ ನಸುಕು. ಆದರೂ ಹುಡುಗನು ಎದ್ದು ಕೇಳಿಸಿಕೊಂಡನು.

ಸಂಜೆಯ ಕೊಳ್ಳೇಗಾಲದ ಬಸ್ಸಿಗೆ ನಮ್ಮನ್ನು ಬಿಡಲು ಬಂದಾಗ ಆಕೆಯ ಕೈಯಲ್ಲಿ ಬಿಳಿಯ ರೇಷ್ಮೆಯ ಎರಡು ಉತ್ತರೀಯಗಳಿದ್ದವು. ನಮ್ಮ ಕೊರಳಿಗೆ ಹಾಕಿ, ಉಳಿದ ಒಂದು ಅನಾನಸು ಇನ್ನೆಷ್ಟು ದಿನ ಕೆಡದೆ ಇದ್ದೀತೆಂದು ಕೇಳಿದರು. ನಾಲ್ಕು ದಿನವೆಂದು ಮಿತ್ರರು ಹೇಳಿದರು. ಭಾನುವಾರ ಮತ್ತೆ ಮಾಡಿ ನೋಡುವೆನೆಂದರು.