ಬ್ಲಾಕ್ ಮಾಡೋಕೆ ಮುಂಚೆ

"ನಾ ಎಲ್ಲಿ ಹೋದ್ರೂ ಅವನಿಗಿ ಗೊತ್ತಾಗ್ತದ ಅಕ್ಕಾ" ಅಂದಳು ಬೀದರ್‌ನ ನಮ್ಮ ಚಿದ್ರಿಯ ಕಾಲೇಜು ಹುಡುಗಿ, ತಂಗಿಯ ಗೆಳತಿ. ನೋಡಿದರೆ ಅವಳ ವಾಟ್ಸಾಪ್ ಪ್ರಿಯಕರನ ಲ್ಯಾಪ್‌ಟಾಪ್‌ನಲ್ಲೂ ತೆರೆದಿತ್ತು.

ಇಂಥವರಿಗೆ ನಾವೆಲ್ಲ ಥಟ್ಟನೆ ಹೇಳೋದು, "ಬಿಟ್ಟುಬಿಡು, ಬ್ಲಾಕ್ ಮಾಡು." ಆದರೆ ಹಿಂಸೆ ಕೊಡುವವನಿಗೆ ಹಿಡಿತ ತಪ್ಪುತ್ತಿದೆ ಅನ್ನಿಸುವ ಹೊತ್ತೇ ಹೆಚ್ಚು ಅಪಾಯದ್ದು. ಬಿಡೋದಕ್ಕೂ ಸಿದ್ಧತೆ ಬೇಕು.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು ರೂಪಿಸಿದ 'ಮೈಪ್ಲಾನ್' ಆ್ಯಪ್ ನನಗೆ ಹಿಡಿಸಿದ್ದು ಇದಕ್ಕೇ. ಅದು ಉಪದೇಶ ಮಾಡಲ್ಲ, ಪ್ರಶ್ನೆ ಕೇಳುತ್ತೆ: ಹೊಡೆತ ಹೆಚ್ಚಾಗಿದೆಯಾ? ಕತ್ತು ಹಿಸುಕಿದ್ದಾನಾ? ಉತ್ತರದಿಂದ ಅಪಾಯ ಎಷ್ಟೆಂದು ತೋರಿಸುತ್ತೆ. ತೀರ್ಮಾನ ಅವಳದೇ. ಆದರೆ ಅದು ಅಮೆರಿಕದವರಿಗಾಗಿ ಮಾಡಿದ್ದು. ನಮ್ಮ ಯೋಜನೆ ನಾವೇ ಹಾಕಿಕೊಳ್ಳಬೇಕು.

ಮೊದಲಿಗೆ, ಸಹಾಯ ಹುಡುಕೋಕೆ ಅವನು ಮುಟ್ಟದ ಫೋನ್ ಬಳಸಿ. ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್, ಗೂಗಲ್ ಮ್ಯಾಪ್ಸ್‌ನ ಲೊಕೇಶನ್ ಶೇರಿಂಗ್ ನೋಡಿ. ಏನಾದರೂ ಸಿಕ್ಕರೆ ಅವಸರದಲ್ಲಿ ತೆಗೆಯಬೇಡಿ, ಅವನಿಗೆ ಸುಳಿವು ಸಿಗಬಹುದು. ಗೆಳತಿಯ ಫೋನ್‌ನಿಂದ ಆ ಪರದೆಯ ಫೋಟೊ ತೆಗೆದಿಡಿ. ಎಲ್ಲಿ ಉಳಿಯೋದು, ಯಾರಿಗೆ ಹೇಳೋದು ಅಂತ ನಿಶ್ಚಯಿಸಿ. ಪಾಸ್‌ವರ್ಡ್ ಬದಲಿಸೋದು, ಬ್ಲಾಕ್ ಮಾಡೋದು ಆಮೇಲೆ.

ಹೆಣ್ಣಿನ ಇಂಟರ್ನೆಟ್ ಬಳಕೆಯ ಮೇಲೆ ಕಣ್ಣಿಡೋದು ಪ್ರೀತಿ ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಮಹಿಳಾ ಸಹಾಯವಾಣಿ 181. ಜೀವಕ್ಕೇ ಅಪಾಯ ಅನ್ನಿಸಿದರೆ ಯೋಜನೆ ಬದಿಗಿಡಿ, ನೇರ 112.

ನಿಮ್ಮ ಗೆಳತಿ ಹೀಗೆ ಹೇಳಿಕೊಂಡರೆ "ಇನ್ನೂ ಯಾಕೆ ಬಿಟ್ಟಿಲ್ಲ?" ಅನ್ನಬೇಡಿ. "ಇವತ್ತು ರಾತ್ರಿ ಎಲ್ಲಿರ್ತೀಯಾ?" ಅಂತ ಕೇಳಿ.