ಬಿಟ್ಟ ಸ್ಥಳ

ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ನಮ್ಮ ಮನೆಯವರು ಪತ್ರಿಕೆಯ ಪದಬಂಧ ಬಿಡಿಸಲು ಕೂತರೆಂದರೆ, ಒಲೆಯ ಮೇಲೆ ಹಾಲು ಉಕ್ಕಿದರೂ ಅವರಿಗೆ ಗೊತ್ತಾಗುವುದಿಲ್ಲ. ‘ಬಿಟ್ಟ ಸ್ಥಳ ತುಂಬಿಸೋದು ನಿನ್ನ ಕಸುಬು, ಇದೊಂದು ಹೇಳು ನೋಡೋಣ’ ಎಂದು ನನ್ನನ್ನು ಕೆಣಕುತ್ತಾರೆ. ಕಸುಬೆಂಬುದು ನಿಜವೇ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತ 25 ವರ್ಷ ದಾಟಿತು. ಈ ತನಕ ಮಕ್ಕಳಿಂದ ತುಂಬಿಸಿದ ಬಿಟ್ಟ ಸ್ಥಳಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ತಿಪಟೂರಿನಿಂದ ಅರಸೀಕೆರೆಯವರೆಗೆ ರೈಲು ಹಳಿ ಹಾಸಿದ ಹಾಗಾದೀತು!

ಹಾಗೆಂದು ನಾನೇನೂ ಇಂಗ್ಲಿಷ್ ಪಂಡಿತೆಯಲ್ಲ. ಎ ಬಿ ಸಿ ಡಿ ತಿದ್ದಿದ್ದೇ ಐದನೆಯ ತರಗತಿಯಲ್ಲಿ. ಬಿ.ಎ.ಗೆ ಓದಿದ್ದು ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ದಿನವೇ, ‘ಆರ್ಟ್ಸ್ ಟೀಚರ್ ತಾನೇ, ಇಂಗ್ಲಿಷ್ ತಗೊಳ್ಳಿ’ ಎಂದರು. ತಗೊಂಡೆ. ತಾನೇ ಹೆದರಿದವರಿಗೆ ಕಲಿಸಲು ಇರುವುದು ಒಂದೇ ದಾರಿ, ಬಾಯಿಪಾಠ. ಗೈಡಿನಿಂದ ಹತ್ತು ಸಾಲಿನ ಒಂದು ಗದ್ಯಭಾಗ ಆರಿಸಿ, ಅದರ ಬಿಟ್ಟ ಸ್ಥಳಗಳ ಉತ್ತರವನ್ನು ಕ್ರಮಸಂಖ್ಯೆ ಹಾಕಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಒಂದು ‘ಇನ್’, ಎರಡು ‘ದ’, ಮೂರು ‘ವಾಸ್’, ನಾಲ್ಕು ‘ಟು’. ಮಕ್ಕಳು ಅದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು. ತರಗತಿ ಗಲಗಲ ಎನ್ನುತ್ತಿತ್ತು. ನನಗೂ ಪಾಠ ಚೆನ್ನಾಗಿ ನಡೆಯುತ್ತಿದೆ ಎಂಬ ಸಮಾಧಾನ.

2003ರ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಮ್ಮ ಶಾಲೆಯಲ್ಲಿ 11 ಮಕ್ಕಳು ಇಂಗ್ಲಿಷಿನಲ್ಲಿ ನಪಾಸಾಗಿದ್ದರು. ನಾಲ್ಕನೆಯ ದಿನ ಅವರಲ್ಲೊಬ್ಬಳು ಹುಡುಗಿ ಮನೆಯ ಮೆಟ್ಟಿಲ ಹತ್ತಿರ ಬಂದು ನಿಂತಳು. 35 ಬರಬೇಕಾದಲ್ಲಿ 31 ಬಂದಿತ್ತು. ಮಿಕ್ಕ ವಿಷಯಗಳಲ್ಲೆಲ್ಲ ಪಾಸು. ‘ಎಲ್ಲಮ್ಮಾ ತಪ್ಪಿತು?’ ಎಂದೆ. ಅವಳು ತಲೆ ಎತ್ತಲಿಲ್ಲ.

‘ಟೀಚರ್, ಬಿಟ್ಟ ಸ್ಥಳಕ್ಕೆ ನೀವು ಬರೆಸಿದ್ದನ್ನೇ ಬರೆದೆ.’

ಪ್ರಶ್ನೆಪತ್ರಿಕೆಯಲ್ಲಿ ಬಂದಿದ್ದ ಕತೆಯೇ ಬೇರೆ. ಇವಳು ಒಂದು ‘ಇನ್’, ಎರಡು ‘ದ’, ಮೂರು ‘ವಾಸ್’ ಎಂದು ನಾನು ಹೇಳಿಕೊಟ್ಟ ಕ್ರಮದಲ್ಲೇ ತುಂಬಿ ಬಂದಿದ್ದಳು. ಅವಳ ಮಾತಿನಲ್ಲಿ ದೂರೇನೂ ಇರಲಿಲ್ಲ. ಹೇಳಿದ ಹಾಗೆ ಕೇಳಿದವಳಿಗೆ ಹೀಗೇಕಾಯಿತೆಂಬ ಆಶ್ಚರ್ಯ, ಅಷ್ಟೇ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಅವಳ ತಂದೆ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಸಂಜೆ ಹೋಗಿ ಮಾತಾಡಿಸಿದೆ. ‘ಗಂಡು ಗೊತ್ತಾಗೈತೆ ಟೀಚರ್. ಜೂನ್ ಪರೀಕ್ಷೇಲಿ ಪಾಸಾದ್ರೆ ಕಾಲೇಜಿಗೆ ಕಳಿಸ್ತೀನಿ, ಇಲ್ದಿದ್ರೆ ಮದ್ವೆ ಮಾಡ್ತೀನಿ’ ಎಂದರು. ಹದಿನಾರು ತುಂಬದ ಹುಡುಗಿ! ಕಾನೂನು ಹೇಳಿದೆ, ಅವರು ನೆಲ ನೋಡಿದರು. ‘ಆಯ್ತು, ಅಲ್ಲೀವರೆಗೆ ದಿನಾ ಮಧ್ಯಾಹ್ನ ನಮ್ಮನೆಗೆ ಕಳಿಸಿ’ ಎಂದು ಹೇಳಿ ಬಂದೆ.

ಮೊದಲ ದಿನವೇ ಅವಳು ಪೆನ್ನು ಹಿಡಿದು, ‘ಉತ್ತರ ಹೇಳಿ ಟೀಚರ್, ಬರ್ಕೋತೀನಿ’ ಎಂದಳು. ನಾನೇ ಕಲಿಸಿದ ಚಾಳಿ, ಯಾರನ್ನು ಬೈಯಲಿ? ‘ಮೈ ಸಿಸ್ಟರ್ ____ ಟು ತುಮಕೂರು ಯೆಸ್ಟರ್‌ಡೇ’ ಎಂದು ಬರೆದುಕೊಟ್ಟೆ. ‘ಗೋಸ್’ ಎಂದು ತುಂಬಿದಳು. ಯಾಕೆಂದು ಕೇಳಿದರೆ ‘ಸಿಸ್ಟರ್ ಒಬ್ಬಳೇ ಅಲ್ವಾ ಟೀಚರ್’ ಎಂದಳು. ಖಾಲಿ ಜಾಗದವರೆಗೆ ಓದಿದ್ದಳು, ಅದನ್ನು ದಾಟಿ ಓದಿರಲಿಲ್ಲ.

ಆಗ ನನಗೂ ಹೊಳೆಯಿತು. ನಮ್ಮ ಕನ್ನಡದಲ್ಲಿ ಕ್ರಿಯಾಪದ ಮನೆಯ ಹಿರಿಯರಿದ್ದ ಹಾಗೆ, ಎಲ್ಲರ ಮಾತು ಮುಗಿದ ಮೇಲೆ ಕೊನೆಗೆ ಬಾಯಿ ತೆರೆಯುತ್ತದೆ. ‘ನನ್ನ ಅಕ್ಕ ನಿನ್ನೆ ತುಮಕೂರಿಗೆ’ ಎನ್ನುವಷ್ಟರಲ್ಲಿ ‘ಹೋದಳು’ ಎನ್ನಲು ಬೇಕಾದದ್ದೆಲ್ಲ ನಮ್ಮ ಕೈಸೇರಿರುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಅವಸರ. ‘ನಿನ್ನೆ’ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಅದು ಬಂದು ಬಾಗಿಲು ತಟ್ಟುತ್ತದೆ. ನಮ್ಮ ‘ಅಲ್ಲಿ’ ಮನೆಯ ಬೆನ್ನಿಗೆ ಅಂಟಿಕೊಂಡು ‘ಮನೆಯಲ್ಲಿ’ ಆದರೆ, ಅವರ ‘ಇನ್’ ಮನೆಗಿಂತ ಮೊದಲೇ ಬಂದು ನಿಲ್ಲುತ್ತದೆ. ಅಂದಮೇಲೆ ಕನ್ನಡದ ಮಗು ಖಾಲಿ ಜಾಗ ಕಂಡ ಕೂಡಲೇ ಪೆನ್ನು ಊರಿದರೆ ತಪ್ಪದೆ ಇನ್ನೇನಾಗುತ್ತದೆ? ಅಂದಿನಿಂದ ಒಂದೇ ನಿಯಮ: ಫುಲ್‌ಸ್ಟಾಪ್ ಕಾಣುವ ತನಕ ಪೆನ್ನು ಮುಟ್ಟಕೂಡದು.

‘ಎ’, ‘ದ’ಗಳಿಗೆ ಅದೂ ಸಾಲದಾಯಿತು. ಅಂಥವು ನಮ್ಮಲ್ಲಿ ಇಲ್ಲವಲ್ಲ! ಮನೆಗೆ ಹೊಸಬರು ಬಂದರೆ ಮೊದಲು ‘ಯಾರೋ ಒಬ್ಬರು ಬಂದಿದ್ದಾರೆ’ ಎನ್ನುತ್ತೇವೆ, ಪರಿಚಯವಾದ ಮೇಲೆ ‘ಅವರು’ ಎನ್ನುತ್ತೇವೆ. ಕತೆಯಲ್ಲಿ ಮೊದಲು ಬಂದಾಗ ‘ಎ ಗರ್ಲ್’, ಆಮೇಲೆ ಅವಳೇ ‘ದ ಗರ್ಲ್’. ಒಂಟಿ ವಾಕ್ಯ ಕೊಟ್ಟು ಇದನ್ನು ಕೇಳಿದರೆ ಮಗು ಊಹಿಸಬೇಕಷ್ಟೆ. ಇಡೀ ಗದ್ಯಭಾಗ ಕೈಯಲ್ಲಿದ್ದರೆ ಮೇಲಿನ ಸಾಲೇ ಉತ್ತರ ಹೇಳುತ್ತದೆ.

ಗೈಡಿನ ಗದ್ಯಭಾಗಗಳಲ್ಲಿ ಹಿಮ ಬೀಳುತ್ತಿತ್ತು, ಹಡಗು ಹೋಗುತ್ತಿತ್ತು. ಅವಳು ಎರಡನ್ನೂ ಕಂಡವಳಲ್ಲ. ಒಂದು ರಾತ್ರಿ ಅಡುಗೆಮನೆ ಒರೆಸಿದ ಮೇಲೆ ಕೂತು, ಕೊಬ್ಬರಿಯ ಮೇಲೆ ನಾನೇ ಹತ್ತು ಸಾಲು ಇಂಗ್ಲಿಷ್ ಬರೆದೆ. ಮರದಿಂದ ಕಾಯಿ ಇಳಿಸುತ್ತಾರೆ, ಅಟ್ಟದ ಮೇಲೆ ಹಾಕುತ್ತಾರೆ, ಇಷ್ಟು ತಿಂಗಳಾದ ಮೇಲೆ ಕೊಬ್ಬರಿಯಾಗುತ್ತದೆ ಎಂದು. ಮಾರನೆಯ ದಿನ ಅವಳು ಒಂದೂ ಮಾತಾಡದೆ ತುಂಬಿ ಕೊಟ್ಟಳು. ‘ಆಫ್ಟರ್ ____ ಮಂತ್ಸ್’ ಎಂಬಲ್ಲಿ ನನ್ನ ಮನಸ್ಸಿನಲ್ಲಿದ್ದದ್ದು ‘ಸಿಕ್ಸ್’. ಅವಳು ‘ಟೆನ್’ ಎಂದು ಬರೆದಿದ್ದಳು. ಕೆಂಪು ಪೆನ್ನು ಎತ್ತಿದೆ.

‘ಆರು ತಿಂಗಳಿಗೆಲ್ಲಾ ಕೊಬ್ಬರಿ ಆಗಲ್ಲ ಟೀಚರ್. ಒಳಗಿನ ನೀರು ಪೂರ್ತಿ ಇಂಗಬೇಕು. ಅಲ್ಲಾಡಿಸಿದ್ರೆ ಗಿಟುಕು ಲೊಟಲೊಟ ಅನ್ನಬೇಕು. ಹತ್ತು ತಿಂಗಳಾದ್ರೂ ಬೇಕು.’

ಪೆನ್ನು ಕೆಳಗಿಟ್ಟೆ. ಐದು ವರ್ಷ ಇಂಗ್ಲಿಷ್ ಓದಿದವಳು ಅಂದು ಮೊದಲ ಸಲ ಇಂಗ್ಲಿಷಿನಲ್ಲಿ ಬರೆದ ಮಾತೊಂದನ್ನು ಓದಿ, ಅದರಲ್ಲಿ ಏನಿದೆ ಎಂದು ಯೋಚಿಸಿದ್ದಳು. ಆ ಸಾಲಿನಲ್ಲಿ ತಪ್ಪಿದ್ದವಳು ನಾನೇ.

ಜೂನ್ ಪರೀಕ್ಷೆಯಲ್ಲಿ ಅವಳಿಗೆ 43 ಬಂತು. ತಂದೆ ಮಾತಿಗೆ ತಪ್ಪಲಿಲ್ಲ. ಕಾಲೇಜಿನ ಅರ್ಜಿಗೆ ನನ್ನಿಂದಲೇ ಭರ್ತಿ ಮಾಡಿಸಿಕೊಂಡು ಹೋದರು. ಈಗ ಅವಳ ಮಗಳೇ ಹೈಸ್ಕೂಲಿನಲ್ಲಿದ್ದಾಳೆ.

ಕೆಲವು ವರ್ಷದ ಮೇಲೆ ಬೆಂಗಳೂರಿನಲ್ಲಿ ನಡೆದ ಒಂದು ತರಬೇತಿಯಲ್ಲಿ ಈ ಅಭ್ಯಾಸದ ಮೂಲ ತಿಳಿಯಿತು. ಗದ್ಯದಿಂದ ಇಷ್ಟನೆಯದಕ್ಕೊಂದರಂತೆ ಪದ ತೆಗೆದು ಓದುಗರಿಂದ ತುಂಬಿಸುವ ವಿಧಾನಕ್ಕೆ ಅಮೆರಿಕದ ವಿಲ್ಸನ್ ಟೇಲರ್ ಎಂಬುವರು 1953ರಲ್ಲಿ ‘ಕ್ಲೋಜ್’ ಎಂದು ಹೆಸರಿಟ್ಟರಂತೆ. ಅರ್ಧ ಕಂಡ ಚಿತ್ರವನ್ನು ಮನಸ್ಸು ತಾನಾಗಿ ಪೂರ್ತಿ ಮಾಡಿಕೊಳ್ಳುತ್ತದೆಂಬ ಮನಶ್ಶಾಸ್ತ್ರದ ಮಾತಿನಿಂದ ಬಂದ ಹೆಸರದು. ಅವರು ಅದನ್ನು ಹುಡುಕಿದ್ದು ಮಕ್ಕಳನ್ನು ಅಳೆಯಲೆಂದಲ್ಲ, ಬರಹ ಓದುವವರಿಗೆ ಎಷ್ಟು ಕಠಿಣವೆಂದು ಅಳೆಯಲು! ಹೆಚ್ಚು ಜನ ತುಂಬಲಾರದೆ ಹೋದರೆ ಬರಹ ಅವರಿಗೆ ಎಟುಕುತ್ತಿಲ್ಲವೆಂದು ಲೆಕ್ಕ. ನಾವು ಆ ತಕ್ಕಡಿಯನ್ನು ತಂದು ಮಕ್ಕಳನ್ನು ಕೂರಿಸಿ ತೂಗಿದೆವು.

ಈಗ ಮೊಬೈಲಿನಲ್ಲೂ ಬಿಟ್ಟ ಸ್ಥಳಗಳಿವೆ. ನಾಲ್ಕು ಉತ್ತರ ಕೊಟ್ಟಿರುತ್ತಾರೆ, ಸರಿಯಾದುದನ್ನು ಒತ್ತಿದರೆ ಹಸಿರು ಗುರುತು ಬೀಳುತ್ತದೆ. ಒತ್ತಲಿ, ಬೇಡವೆನ್ನುವುದಿಲ್ಲ. ಆದರೆ ಇದನ್ನು ಓದುತ್ತಿರುವ ತಾಯಂದಿರಿಗೆ ಒಂದು ಮಾತು. ಮಗುವಿನ ಪಾಠದಿಂದ ಹತ್ತು ಸಾಲು ಕಾಗದದ ಮೇಲೆ ಬರೆಯಿರಿ. ಮೊದಲ ಸಾಲನ್ನು ಹಾಗೇ ಬಿಟ್ಟು, ಆಮೇಲೆ ಏಳು ಪದಕ್ಕೊಂದನ್ನು ತೆಗೆಯಿರಿ. ಮಗು ತುಂಬಿದ ಮೇಲೆ ‘ಯಾಕೆ ಹೀಗೆ ಬರೆದೆ?’ ಎಂದು ಕೇಳಿ. ‘ನಮಗೆ ಇಂಗ್ಲಿಷ್ ಬರಲ್ಲ’ ಎಂಬ ಅಂಜಿಕೆ ಬೇಡ. ಈ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಬಹುದು, ಮಗು ಕನ್ನಡದಲ್ಲೇ ಉತ್ತರಿಸಬಹುದು. ಪುಸ್ತಕದ ಪದವೇ ಬರಬೇಕೆಂದಿಲ್ಲ, ಅರ್ಥಕ್ಕೂ ವ್ಯಾಕರಣಕ್ಕೂ ಒಪ್ಪುವ ಪದ ಬಂದರೆ ಸಾಕು. ಒಮ್ಮೊಮ್ಮೆ ಮಗುವಿನ ಪದವೇ ಮೇಲಾಗಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನಗೆ ಪೂರ್ತಿ ನೆಮ್ಮದಿಯಿಲ್ಲ. ಆ ವರ್ಷ ನಪಾಸಾದವರು 11 ಮಂದಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಎಷ್ಟು ಜನವೋ, ನಾನು ಲೆಕ್ಕವಿಟ್ಟಿಲ್ಲ. ಅವರೆಲ್ಲರೂ ನಾನು ಬರೆಸಿದ್ದನ್ನೇ ಬರೆದಿರಬೇಕು. ಬಂದು ಹೇಳಿದವಳು ಮಾತ್ರ ಒಬ್ಬಳು.